ಬ್ಯಾರನ್, ಉಗ್ರಾಣ, ಮಳಿಗೆಗಳ ಪಾಯ ಕುಸಿತ: ಗುರುತಿಸುವ ಮತ್ತು ಸರಿಪಡಿಸುವ ಕ್ರಮ

ಬೆಳೆಯ ಎಲೆ ಬಾಡಿದಾಗ ಬುಡ ಬಗೆದು ಬೇರು ನೋಡಬೇಕೆಂಬುದನ್ನು ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ರೈತರು ತಮ್ಮ ಬ್ಯಾರನ್ನಿನ ಗೋಡೆ ಬಿರುಕು ಬಿಟ್ಟಾಗ ಎರಡು ಬಾಣಲೆ ಸಿಮೆಂಟು ಗಾರೆ ಕಲಸಿ, ಬಿರುಕು ಮುಚ್ಚಿ, ಮೇಲೆ ಸುಣ್ಣ ಬಳಿದು ಸುಮ್ಮನಾಗುತ್ತಾರೆ. ಮರುವರ್ಷದ ಮಳೆಗಾಲಕ್ಕೆ ಅದೇ ಜಾಗದಲ್ಲಿ ಬಿರುಕು ಮತ್ತೆ ಬಾಯಿ ಬಿಡುತ್ತದೆ. ಏಕೆಂದರೆ ರೋಗವಿರುವುದು ಗೋಡೆಯಲ್ಲಲ್ಲ, ಪಾಯದ ಕೆಳಗಿನ ಮಣ್ಣಿನಲ್ಲಿ. ಆ ಮಣ್ಣನ್ನು ಕೆಡಿಸುವುದು ಬಹುಮಟ್ಟಿಗೆ ನೀರು.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಹೊಗೆಸೊಪ್ಪು ಹದಗೊಳಿಸುವ ಬ್ಯಾರನ್ನುಗಳು, ಕೆ.ಆರ್. ನಗರದ ಕಡೆ ಭತ್ತದ ಉಗ್ರಾಣಗಳು ಮತ್ತು ಅಕ್ಕಿ ಗಿರಣಿಗಳು, ನಾಲ್ಕು ತಾಲ್ಲೂಕುಗಳಲ್ಲಿಯೂ ರಸ್ತೆ ಬದಿಯ ಬಾಡಿಗೆ ಮಳಿಗೆಗಳು ಇವೆ. ಇವೆಲ್ಲ ದುಡಿಯುವ ಕಟ್ಟಡಗಳು. ವಾಸದ ಮನೆಯಲ್ಲಿ ಬಿರುಕು ಬಿಟ್ಟರೆ ಪಕ್ಕದ ಕೋಣೆಗೆ ಹೋಗಿ ಮಲಗಬಹುದು. ಸೊಪ್ಪು ಮುರಿಯುವ ಕಾಲದಲ್ಲಿ ಬ್ಯಾರನ್ ಒಂದು ವಾರ ನಿಂತರೆ ಹೊಲದಲ್ಲಿ ಹಣ್ಣಾದ ಎಲೆ ಕಾಯುವುದಿಲ್ಲ.

ಇದು ಹಣದ ಮಾತಷ್ಟೇ ಅಲ್ಲ. 2012ರ ಆಗಸ್ಟ್‌ನಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ಅದೇ ನಗರದ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಭಾಗ ಕುಸಿಯಿತು. ಎರಡೂ ಹಳೆಯ ವ್ಯಾಪಾರದ ಕಟ್ಟಡಗಳು. ಎರಡೂ ಬಿದ್ದದ್ದು ಮಳೆಗಾಲದಲ್ಲಿ. ಕಟ್ಟಡಗಳು ಬೀಳಲು ಕಾರಣ ನಾನಾ ಬಗೆ, ಪ್ರತಿಯೊಂದಕ್ಕೂ ಪಾಯವೇ ಕಾರಣವಲ್ಲ. ಆದರೆ ಕಟ್ಟಡ ಮುಂಚಿತವಾಗಿ ಕೊಡುವ ಸೂಚನೆಗಳನ್ನು ಓದಲು ಕಲಿತವರು ಜೀವವನ್ನೂ ಉಳಿಸಿಕೊಳ್ಳುತ್ತಾರೆ, ಹಣವನ್ನೂ ಉಳಿಸಿಕೊಳ್ಳುತ್ತಾರೆ.

ಮೊದಲು ಮಣ್ಣಿನ ಗುಣ ತಿಳಿಯಿರಿ

ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲಗಳಲ್ಲಿ ಹೆಚ್ಚಾಗಿರುವುದು ಮರಳು ಮಿಶ್ರಿತ ಕೆಂಪು ಮಣ್ಣು. ಇದರಲ್ಲಿ ನೀರು ಬೇಗ ಬಸಿದುಹೋಗುತ್ತದೆ, ಒದ್ದೆಯಾದರೆ ಹೆಚ್ಚು ಉಬ್ಬುವುದಿಲ್ಲ. ಕೆಳಗೆ ಗಟ್ಟಿ ಗರಸು ಸಿಕ್ಕರೆ ಪಾಯಕ್ಕೆ ಒಳ್ಳೆಯ ನೆಲ. ಆದರೆ ಸೂರಿನ ನೀರು ಒಂದೇ ಕಡೆ ಸುರಿದರೆ ಈ ಮಣ್ಣು ಕೊಚ್ಚಿಹೋಗಿ ಪಾಯದ ಕಲ್ಲು ಬರಿದಾಗುತ್ತದೆ.

ಎಚ್.ಡಿ. ಕೋಟೆಯ ಕಡೆ ಹತ್ತಿ ಬೆಳೆಯುವ ಕಪ್ಪು ಮಣ್ಣು ಇದಕ್ಕೆ ವಿರುದ್ಧ ಗುಣದ್ದು. ಮಳೆಯಲ್ಲಿ ಉಬ್ಬಿ ಪಾಯವನ್ನು ಮೇಲಕ್ಕೆತ್ತುತ್ತದೆ. ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಪ್ರತಿ ವರ್ಷ ಏರಿ ಇಳಿಯುವ ನೆಲದ ಮೇಲೆ ಗೋಡೆ ಬಿರಿಯದೆ ಇರುವುದಿಲ್ಲ. ಕೆ.ಆರ್. ನಗರದ ನಾಲೆ ಬಯಲಿನಲ್ಲಿ ತೊಂದರೆ ಬೇರೆ. ಅಲ್ಲಿ ಗದ್ದೆಯ ಜಿಗುಟು ಮಣ್ಣಿನ ಮೇಲೆ ಲಾರಿಗಟ್ಟಲೆ ಮಣ್ಣು ತುಂಬಿಸಿ, ದಮ್ಮಸು ಮಾಡದೆ, ಮೇಲೆ ಮಳಿಗೆ ಕಟ್ಟಿದರೆ ತುಂಬಿದ ಮಣ್ಣು ವರ್ಷಗಟ್ಟಲೆ ಇಳಿಯುತ್ತಲೇ ಇರುತ್ತದೆ. ಪಕ್ಕದ ಗದ್ದೆಗೆ ನೀರು ಬಿಟ್ಟಾಗಲೆಲ್ಲ ಪಾಯದ ಬುಡ ನೆನೆಯುತ್ತದೆ.

ನಿಮ್ಮ ಮಣ್ಣು ಉಬ್ಬುವ ಜಾತಿಯದೇ ಎಂಬುದನ್ನು ಮನೆಯಲ್ಲಿಯೇ ಅಂದಾಜು ಮಾಡಬಹುದು. ಪಾಯದ ಆಳದಿಂದ ತೆಗೆದ ಮಣ್ಣನ್ನು ಒಣಗಿಸಿ, ಪುಡಿಮಾಡಿ, ಜರಡಿ ಹಿಡಿಯಿರಿ. ಒಂದೇ ಅಳತೆಯ ಎರಡು ಗಾಜಿನ ಲೋಟಗಳಿಗೆ ಸಮನಾಗಿ ಎರಡೆರಡು ಚಮಚ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಕಡ್ಡಿಯಿಂದ ಕದಡಿ, ಒಂದು ದಿನ ಅಲುಗಿಸದೆ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನ ಲೋಟದ ಮಣ್ಣು ಸೀಮೆಎಣ್ಣೆಯದಕ್ಕಿಂತ ಒಂದೂವರೆ ಪಟ್ಟು ಎತ್ತರಕ್ಕೆ ನಿಂತಿದ್ದರೆ ಅದು ಬಹಳ ಉಬ್ಬುವ ಮಣ್ಣು. ಎರಡೂ ಹೆಚ್ಚುಕಡಿಮೆ ಸಮನಾಗಿದ್ದರೆ ಉಬ್ಬುವಿಕೆಯ ಭಯವಿಲ್ಲ.

ಬ್ಯಾರನ್ನಿಗೆ ಎರಡು ಕಡೆಯ ಪೆಟ್ಟು

ಆಶ್ಲೇಷ, ಮಖೆ ಮಳೆ ಹಿಡಿದು ಸುರಿಯುವ ಹೊತ್ತಿನಲ್ಲಿಯೇ ಬ್ಯಾರನ್ನಿನ ಒಲೆ ಉರಿಯುತ್ತಿರುತ್ತದೆ. ಒಳಗೆ ದಂಟು ಒಣಗಿಸುವ ಹಂತದಲ್ಲಿ ಉಷ್ಣತೆ ಸುಮಾರು 160 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 70 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುತ್ತದೆ. ಒಂದೊಂದು ಸಲ ತುಂಬಿದ ಸೊಪ್ಪು ಹದವಾಗಲು ಐದಾರು ದಿನ ಹಗಲಿರುಳು ಬೆಂಕಿ ಬೇಕು. ಹೀಗಾಗಿ ಒಳನೆಲ ಒಣಗಿ ಕುಗ್ಗುತ್ತದೆ, ಹೊರನೆಲ ನೆನೆದು ಮೆತ್ತಗಾಗುತ್ತದೆ. ಒಂದೇ ಪಾಯದ ಒಳಬದಿಗೆ ಒಂದು ನೆಲ, ಹೊರಬದಿಗೆ ಇನ್ನೊಂದು ನೆಲ. ಜಿಗುಟು ಮಣ್ಣಿನಲ್ಲಿ ಈ ತೊಂದರೆ ಇಮ್ಮಡಿಯಾಗುತ್ತದೆ.

ಸೂರಿನ ನೀರು ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡಿ. 16 ಅಡಿ ಅಗಲ, 24 ಅಡಿ ಉದ್ದದ ಬ್ಯಾರನ್ನಿನ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 1,800 ಲೀಟರ್ ನೀರು ಇಳಿಯುತ್ತದೆ. ಎಂದರೆ 15 ಲೀಟರಿನ 120 ಕೊಡ. ತೋಡಿಲ್ಲದಿದ್ದರೆ ಇಷ್ಟೂ ಬೀಳುವುದು ಗೋಡೆಯ ಬುಡಕ್ಕೆ.

ಬಿರುಕಿನಿಂದ ಆಗುವ ನಷ್ಟವನ್ನೂ ಲೆಕ್ಕ ಹಾಕಬಹುದು. ಐದು ಮಿಲಿಮೀಟರ್ ಅಗಲ, ಎರಡು ಮೀಟರ್ ಉದ್ದದ ಬಿರುಕು 100 ಚದರ ಸೆಂಟಿಮೀಟರ್ ಆಗುತ್ತದೆ. ಗೋಡೆಯಲ್ಲಿ ಅಂಗೈ ಅಗಲದ ಕಿಂಡಿ ತೆರೆದಿಟ್ಟ ಹಾಗೆ. ಒಂದು ಕಿಲೋ ಹದಗೊಂಡ ಎಲೆಗೆ ಹಳೆಯ ಮಾದರಿ ಬ್ಯಾರನ್ನಿನಲ್ಲಿ ನಾಲ್ಕೈದು ಕಿಲೋ ಸೌದೆ ಬೇಕಾಗುವಾಗ, ಈ ಕಿಂಡಿಯಿಂದ ಹೊರಹೋಗುವುದು ನೀವು ಕೊಂಡ ಸೌದೆಯ ಶಾಖ. ಬಿಸಿ ಒಂದೇ ಸಮನಾಗಿ ನಿಲ್ಲದೆ ಎಲೆಯ ಬಣ್ಣವೂ ಕೆಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಸೊಪ್ಪು ತುಂಬುವ ಆಳುಗಳ ಜೀವ. ಕಡ್ಡಿ ಜೋಡಿಸುವವರು ಗಳಗಳ ಮೇಲೆ ಕಾಲಿಟ್ಟು ಮೇಲಕ್ಕೆ ಹತ್ತುತ್ತಾರೆ. ಆ ಗಳಗಳ ತುದಿಗಳು ಕುಳಿತಿರುವುದು ಗೋಡೆಯಲ್ಲಿ. ಪಾಯ ಕುಸಿದು ಗೋಡೆ ಹೊರಕ್ಕೆ ವಾಲಿದರೆ ಗಳದ ತುದಿ ಜಾರುತ್ತದೆ. ಆದ್ದರಿಂದ ಪ್ರತಿ ವರ್ಷ ಮೊದಲ ಸಲ ಸೊಪ್ಪು ತುಂಬುವ ಮುನ್ನ ಪ್ರತಿಯೊಂದು ಗಳದ ತುದಿಯನ್ನೂ ದೀಪ ಹಿಡಿದು ನೋಡತಕ್ಕದ್ದು.

ಪಾಯ ಕೆಡಲು ಇತರ ಕಾರಣಗಳು

1. ಹಳೆಯ ಹಗೇವು, ತಿಪ್ಪೆಗುಂಡಿ ಅಥವಾ ಹಾಳುಬಾವಿ ಮುಚ್ಚಿದ ಜಾಗದಲ್ಲಿ ಕಟ್ಟಿರುವುದು. ಊರಿನ ಹಿರಿಯರನ್ನು ಕೇಳಿದರೆ ಗುಂಡಿ ಎಲ್ಲಿತ್ತೆಂಬುದು ತಿಳಿಯುತ್ತದೆ.

2. ಹೆಗ್ಗಣ ಮತ್ತು ಗೆದ್ದಲು. ಕಾಳು ಇರುವ ಉಗ್ರಾಣದ ಪಾಯದಡಿ ಹೆಗ್ಗಣಗಳು ಬಿಲ ತೋಡುತ್ತವೆ. ಮಳೆನೀರು ಆ ಬಿಲಗಳಿಗೆ ಇಳಿದರೆ ಮಣ್ಣು ಒಳಗೊಳಗೇ ಕುಸಿಯುತ್ತದೆ.

3. ಮರಗಳು. ಸೌದೆಗೆಂದು ಬ್ಯಾರನ್ನಿನ ಪಕ್ಕದಲ್ಲಿಯೇ ನೆಟ್ಟ ನೀಲಗಿರಿ ಬೇಸಿಗೆಯಲ್ಲಿ ಪಾಯದಡಿಯ ತೇವ ಹೀರುತ್ತದೆ. ಆಲ, ಅರಳಿ ಬೇರುಗಳು ಕಲ್ಲಿನ ಸಂದಿಗೇ ನುಗ್ಗುತ್ತವೆ.

4. ಗಿರಣಿಯ ಯಂತ್ರದ ಕಟ್ಟೆಯನ್ನು ಗೋಡೆಯ ಪಾಯಕ್ಕೆ ಸೇರಿಸಿ ಕಟ್ಟಿರುವುದು. ಯಂತ್ರದ ಅದುರುವಿಕೆ ನೇರವಾಗಿ ಗೋಡೆಗೆ ಹೋಗುತ್ತದೆ.

5. ಒಂದಂತಸ್ತಿಗೆ ಹಾಕಿದ ಪಾಯದ ಮೇಲೆ, ಬಾಡಿಗೆ ಆಸೆಗೆ, ಎರಡನೆಯ ಮೂರನೆಯ ಅಂತಸ್ತು ಏರಿಸುವುದು.

6. ಒಡೆದ ನೀರಿನ ಕೊಳವೆ, ಸೋರುವ ತೊಟ್ಟಿ, ಗೋಡೆಗೆ ಅಂಟಿದ ಬಚ್ಚಲು ಗುಂಡಿ.

ಬಿರುಕನ್ನು ಓದುವ ಬಗೆ

ಎಲ್ಲ ಬಿರುಕೂ ಪಾಯದ್ದಲ್ಲ. ಗಾರೆಯ ಮೇಲೆ ಬಲೆಯಂತೆ ಹರಡಿದ ಕೂದಲೆಳೆಯ ಸೀಳುಗಳು ಗಾರೆ ಒಣಗಿದಾಗ ಆದವು. ತಾರಸಿಯ ಕೆಳಗೆ ಗೋಡೆಯ ಉದ್ದಕ್ಕೆ ಅಡ್ಡಲಾಗಿ ಓಡುವ ಬಿರುಕು ಬಹುಪಾಲು ಬಿಸಿಲಿಗೆ ತಾರಸಿ ಹಿಗ್ಗಿ ಕುಗ್ಗುವುದರಿಂದ ಆದದ್ದು. ಬ್ಯಾರನ್ನಿನ ಒಲೆಯ ಬಾಯಿಯ ಸುತ್ತಲಿನ ಬಿರುಕು ಬೆಂಕಿಯ ಶಾಖದ್ದು.

ಪಾಯದ ಬಿರುಕಿನ ಲಕ್ಷಣಗಳು ಬೇರೆ. ಅದು ಸಾಮಾನ್ಯವಾಗಿ ಓರೆಯಾಗಿ, ಇಟ್ಟಿಗೆ ಗೋಡೆಯಲ್ಲಿ ಮೆಟ್ಟಿಲಿನಂತೆ ಸಾಗುತ್ತದೆ. ಗೋಡೆಯ ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಾಣುತ್ತದೆ. ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿಯಲ್ಲಿ ಕಿರಿದು. ಕಿಟಕಿ ಬಾಗಿಲುಗಳ ಮೂಲೆಯಿಂದ ಹೊರಡುವುದೇ ಹೆಚ್ಚು. ನೆಟ್ಟಗೆ ಮುಚ್ಚುತ್ತಿದ್ದ ಬಾಗಿಲು ಹಿಡಿದುಕೊಳ್ಳುವುದು, ಮಳಿಗೆಯ ಶಟರ್ ಓರೆಯಾಗಿ ಸಿಕ್ಕಿಕೊಳ್ಳುವುದು, ನೆಲಕ್ಕೂ ಗೋಡೆಗೂ ನಡುವೆ ಸಂದು ಬೀಳುವುದು, ಇವು ಜೊತೆಗೆ ಬರುವ ಲಕ್ಷಣಗಳು.

ಕುಸಿದಿರುವುದು ಯಾವ ಭಾಗ ಎಂಬುದನ್ನು ಹೀಗೆ ತಿಳಿಯಬಹುದು:

ಓರೆ ಬಿರುಕಿನ ಕೆಳಗಿರುವ ಗೋಡೆಯ ಭಾಗವೇ ಸಾಮಾನ್ಯವಾಗಿ ಇಳಿದ ಭಾಗ. ಬಿರುಕು ಮೇಲೆ ಅಗಲವಾಗಿ ಕೆಳಗೆ ಕಿರಿದಾಗಿದ್ದರೆ ಗೋಡೆಯ ತುದಿ ಅಥವಾ ಮೂಲೆ ಕುಸಿದಿದೆ. ಬಿರುಕು ಕೆಳಗೆ ಅಗಲವಾಗಿದ್ದು, ಎರಡು ಓರೆ ಬಿರುಕುಗಳು ಗುಡಿಸಲಿನ ಸೂರಿನಂತೆ ಮೇಲೆ ಒಂದಕ್ಕೊಂದು ವಾಲಿದ್ದರೆ ಗೋಡೆಯ ನಡುಭಾಗ ಇಳಿದಿದೆ. ಮಳೆಗಾಲದಲ್ಲಿ ಒಳನೆಲ ಮಧ್ಯದಲ್ಲಿ ಉಬ್ಬಿ ನೆಲಹಾಸು ಒಡೆದರೆ ಅದು ಕುಸಿತವಲ್ಲ, ಕಪ್ಪು ಮಣ್ಣಿನ ಉಬ್ಬುವಿಕೆ.

ಬಿರುಕು ಇನ್ನೂ ಬೆಳೆಯುತ್ತಿದೆಯೇ?

ದುರಸ್ತಿಗೆ ಕೈ ಹಾಕುವ ಮುನ್ನ ಈ ಪ್ರಶ್ನೆಗೆ ಉತ್ತರ ಬೇಕು. ಬಿರುಕಿನ ಎರಡೂ ಬದಿಗೆ ಒಂದೊಂದು ಮೊಳೆ ಹೊಡೆದು, ಅವುಗಳ ನಡುವಿನ ಅಂತರವನ್ನು ಅಳೆದು, ತಾರೀಖಿನೊಡನೆ ಗೋಡೆಯ ಮೇಲೆಯೇ ಬರೆಯಿರಿ. ಬಿರುಕಿನ ತುದಿ ಎಲ್ಲಿದೆ ಎಂಬುದಕ್ಕೂ ಸೀಸದ ಕಡ್ಡಿಯಿಂದ ಗುರುತು ಹಾಕಿ. ಗಾರೆ ಕೆತ್ತಿದ ಗೋಡೆಯ ಮೇಲೆ ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯೊಂದನ್ನು ಎರಡು ತುದಿಯಲ್ಲಿ ಸಿಮೆಂಟಿನಿಂದ ಅಂಟಿಸಬಹುದು. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ.

ಯುಗಾದಿಗೊಮ್ಮೆ, ಆರಿದ್ರಾ ಮಳೆ ಮುಗಿದ ಮೇಲೊಮ್ಮೆ, ಮಹಾನವಮಿಗೊಮ್ಮೆ, ಸಂಕ್ರಾಂತಿಗೊಮ್ಮೆ ಅಳೆಯಿರಿ. ಮಳೆಗಾಲದಲ್ಲಿ ಮುಚ್ಚಿ ಬೇಸಿಗೆಯಲ್ಲಿ ತೆರೆಯುವ, ಅಥವಾ ಮಳೆಯಲ್ಲಿ ತೆರೆದು ಬೇಸಿಗೆಯಲ್ಲಿ ಮುಚ್ಚುವ ಬಿರುಕು ಮಣ್ಣಿನ ಉಬ್ಬು-ಕುಗ್ಗಿನದು. ಪ್ರತಿ ಸಲವೂ ಹೆಚ್ಚುತ್ತಲೇ ಹೋದರೆ ಪಾಯ ಕುಸಿಯುತ್ತಿದೆ. ವರ್ಷವಿಡೀ ಅಳತೆ ಬದಲಾಗದಿದ್ದರೆ ನೆಲ ಕುಳಿತು ನಿಂತಿದೆ. ಬಿರುಕು ತುಂಬಿದರೆ ಸಾಕು. ಒಂದು ವರ್ಷ ಕಾಯುವುದು ಕಷ್ಟವೆನಿಸಬಹುದು. ಆದರೆ ಅಪಾಯದ ಸೂಚನೆ ಇಲ್ಲದಿದ್ದಲ್ಲಿ ಈ ಕಾಯುವಿಕೆಯೇ ಅನಾವಶ್ಯಕ ಖರ್ಚನ್ನು ಉಳಿಸುತ್ತದೆ.

ಅಗಲದ ಲೆಕ್ಕದಲ್ಲಿ, ಒಂದು ಮಿಲಿಮೀಟರಿನ ಒಳಗಿನ ಬಿರುಕು ಅಲಕ್ಷಿಸಬಹುದಾದದ್ದು. ಐದರವರೆಗೆ ಗಮನದಲ್ಲಿಡಬೇಕಾದದ್ದು. ಐದರಿಂದ ಹದಿನೈದರವರೆಗೆ ದುರಸ್ತಿ ಬೇಡುವಂಥದು. ಹದಿನೈದು ಮೀರಿದರೆ ಎಂಜಿನಿಯರಿಗೆ ತೋರಿಸಲೇಬೇಕು.

ದುರಸ್ತಿಯ ಮೊದಲ ಹೆಜ್ಜೆ: ನೀರನ್ನು ದೂರ ಕಳಿಸಿ

ಪಾಯದ ಬಹಳಷ್ಟು ತೊಂದರೆಗಳು ಈ ಹಂತದಲ್ಲಿಯೇ ನಿಲ್ಲುತ್ತವೆ. ಖರ್ಚೂ ಕಡಿಮೆ.

ಸೂರಿನ ಅಂಚಿಗೆ ತಗಡಿನ ತೋಡು ಕಟ್ಟಿ ನೀರನ್ನು ಚರಂಡಿಗೆ ಇಳಿಸಿ. ಗೋಡೆಯ ಸುತ್ತ ಮೂರು ಅಡಿ ಅಗಲದ ಕಲ್ಲು ಚಪ್ಪಡಿ ಅಥವಾ ಕಾಂಕ್ರೀಟು ಹಾಸು ಹಾಕಿ, ಹೊರಗಡೆಗೆ ಎರಡು ಅಂಗುಲ ಇಳಿಜಾರು ಕೊಡಿ. ಕಪ್ಪು ಮಣ್ಣಿನಲ್ಲಿ ಈ ಹಾಸು ಐದಾರು ಅಡಿ ಅಗಲವಿರಬೇಕು. ಹಾಸಿಗೂ ಗೋಡೆಗೂ ನಡುವಿನ ಸಂದಿಗೆ ಸಿಮೆಂಟು ತುಂಬದೆ ಡಾಂಬರು ತುಂಬಿ. ಹಾಸು ಅಲುಗಿದರೂ ಸಂದು ಬಾಯಿ ಬಿಡುವುದಿಲ್ಲ. ಹಾಸಿನ ಹೊರಗೆ ಚರಂಡಿ ತೆಗೆದು ನೀರು ನಿಲ್ಲದೆ ಹೋಗುವಂತೆ ಇಳಿಜಾರು ಕೊಡಿ. ಪಕ್ಕದಲ್ಲಿ ಗದ್ದೆ ಅಥವಾ ಬಾಳೆ ತೋಟವಿದ್ದರೆ ನಡುವೆ ಆಳವಾದ ಬಸಿಗಾಲುವೆ ಅವಶ್ಯ.

ಹೆಗ್ಗಣದ ಬಿಲಗಳನ್ನು ಅಗೆದು, ಗಾಜಿನ ಚೂರು ಬೆರೆಸಿದ ಕಾಂಕ್ರೀಟಿನಿಂದ ಮುಚ್ಚಿ. ಮರ ನೆಡುವಾಗ ಅದು ಬೆಳೆಯುವ ಎತ್ತರದಷ್ಟು ದೂರ ಬಿಡಿ. ಜಿಗುಟು ಮಣ್ಣಿನಲ್ಲಿ ಹಳೆಯ ದೊಡ್ಡ ಮರವನ್ನು ಒಮ್ಮೆಲೇ ಕಡಿಯಬೇಡಿ. ಅದು ಹೀರುತ್ತಿದ್ದ ನೀರು ಮಣ್ಣಿನಲ್ಲಿಯೇ ಉಳಿದು ನೆಲ ಉಬ್ಬುತ್ತದೆ. ಕೊಂಬೆ ಕಡಿದು ಎರಡು ಮೂರು ವರ್ಷಗಳಲ್ಲಿ ಹಂತಹಂತವಾಗಿ ತೆಗೆಯಿರಿ.

ಪಾಯದಡಿ ಹೊಸ ಪಾಯ ಕೊಡುವ ಕ್ರಮ

ನೀರು ನಿಲ್ಲಿಸಿದ ಮೇಲೂ ಕುಸಿತ ಮುಂದುವರಿದರೆ, ಹಳೆಯ ಪಾಯದ ಕೆಳಗೆ ಗಟ್ಟಿ ನೆಲದವರೆಗೆ ಹೊಸ ಪಾಯ ಕೊಡಬೇಕಾಗುತ್ತದೆ. ಒಂದಂತಸ್ತಿನ ಗೋಡೆಗೆ ಅನುಭವಸ್ಥ ಮೇಸ್ತ್ರಿಯೊಬ್ಬರು ಎಂಜಿನಿಯರರ ಸಲಹೆ ಪಡೆದು ಇದನ್ನು ಮಾಡಬಲ್ಲರು. ಗೋಡೆಯ ಉದ್ದಕ್ಕೂ ಒಮ್ಮೆಲೇ ಅಗೆಯುವುದು ಮಾತ್ರ ಎಂದಿಗೂ ಕೂಡದು. ಹಾಗೆ ಅಗೆದರೆ ಗೋಡೆ ಕೆಲಸಗಾರರ ಮೇಲೆಯೇ ಬೀಳುತ್ತದೆ.

1. ಮೊದಲು ಕಟ್ಟಡ ಖಾಲಿ ಮಾಡಿ, ಮಾಡು ಮತ್ತು ಗೋಡೆಗೆ ಮರದ ಆಸರೆ ಕೊಡಿ.

2. 24 ಅಡಿ ಗೋಡೆಯನ್ನು ನಾಲ್ಕು ನಾಲ್ಕು ಅಡಿಯ ಆರು ಭಾಗ ಮಾಡಿ, ಸುಣ್ಣದಿಂದ ಅಂಕೆ ಹಾಕಿ. ಮೊದಲು 1 ಮತ್ತು 4, ಅನಂತರ 3 ಮತ್ತು 6, ಕೊನೆಗೆ 2 ಮತ್ತು 5ನೆಯ ಭಾಗಗಳನ್ನು ಅಗೆಯಬೇಕು. ಅಕ್ಕಪಕ್ಕದ ಎರಡು ಭಾಗಗಳು ಒಟ್ಟಿಗೆ ತೆರೆದಿರಕೂಡದು. ಮೂಲೆಯಲ್ಲಿ ಎರಡು ಗೋಡೆಗಳನ್ನೂ ಒಟ್ಟಿಗೆ ಅಗೆಯಕೂಡದು.

3. ಹೊರಬದಿಯಿಂದ ಗುಂಡಿ ತೆಗೆದು ಹಳೆಯ ಪಾಯದ ಕೆಳಗೆ ಗಟ್ಟಿ ಗರಸು ಸಿಗುವವರೆಗೆ ಹೋಗಿ. ಗುಂಡಿ ನಾಲ್ಕು ಅಡಿಗಿಂತ ಆಳವಾದರೆ ಬದಿಗಳಿಗೆ ಹಲಗೆ ಮತ್ತು ಅಡ್ಡಗಂಬ ಕೊಡಿ. ಅಗೆದ ಮಣ್ಣನ್ನು ಗುಂಡಿಯ ಅಂಚಿನಲ್ಲಿ ರಾಶಿ ಹಾಕಬೇಡಿ.

4. ಹಳೆಯ ಪಾಯದ ತಳ ಕೆರೆದು ಶುಚಿ ಮಾಡಿ. ಒಂದು ಪಾಲು ಸಿಮೆಂಟು, ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿಯ ಕಾಂಕ್ರೀಟನ್ನು ಹಳೆಯ ಪಾಯಕ್ಕೆ ಮೂರು ಅಂಗುಲ ಕೆಳಗಿನವರೆಗೆ ತುಂಬಿ.

5. ಎರಡು ದಿನ ಬಿಟ್ಟು ಆ ಮೂರು ಅಂಗುಲದ ಸಂದಿಗೆ, ಹಿಡಿಯಲ್ಲಿ ಉಂಡೆ ನಿಲ್ಲುವಷ್ಟೇ ನೀರು ಹಾಕಿದ ಒಂದಕ್ಕೆ ಮೂರು ಪಾಲಿನ ಸಿಮೆಂಟು ಗಾರೆಯನ್ನು ಮರದ ತುಂಡಿನಿಂದ ಬಡಿದು ಗಟ್ಟಿಯಾಗಿ ತುಂಬಿ. ಭಾರ ಹೊಸ ಪಾಯಕ್ಕೆ ಇಳಿಯುವುದು ಈ ಗಾರೆಯ ಮೂಲಕ. ಇಲ್ಲಿ ಸಡಿಲ ಬಿಟ್ಟರೆ ಉಳಿದ ಕೆಲಸವೆಲ್ಲ ವ್ಯರ್ಥ.

6. ಕನಿಷ್ಠ ಏಳು ದಿನ ನೀರುಣಿಸಿದ ಮೇಲೆ ಗುಂಡಿಗೆ ಮಣ್ಣು ತುಂಬಿ ದಮ್ಮಸು ಮಾಡಿ, ಮುಂದಿನ ಭಾಗಗಳಿಗೆ ಹೋಗಿ.

ಆಳವಾದ ಕಪ್ಪು ಮಣ್ಣಿನಲ್ಲಿ ಒಂದು ಮೂಲೆಗೆ ಮಾತ್ರ ಹೀಗೆ ಮಾಡಿದರೆ ಆ ಮೂಲೆ ನಿಲ್ಲುತ್ತದೆ, ಉಳಿದ ಗೋಡೆ ಏರಿಳಿಯುತ್ತಲೇ ಇರುತ್ತದೆ. ಹಳೆಯದೂ ಹೊಸದೂ ಕೂಡುವಲ್ಲಿ ಹೊಸ ಬಿರುಕು ಬರುತ್ತದೆ. ಅಲ್ಲಿ ಎಂಜಿನಿಯರರನ್ನು ಕೇಳದೆ ಮುಂದುವರಿಯಬೇಡಿ.

ಬಿರುಕು ತುಂಬುವುದು ಕೊನೆಯ ಕೆಲಸ

ಪಾಯ ನಿಂತಿದೆ ಎಂದು ಅಳತೆ ತೋರಿಸಿದ ಮೇಲೆಯೇ ಬಿರುಕಿಗೆ ಕೈ ಹಾಕಿ. ಒಡೆದ ಇಟ್ಟಿಗೆಗಳನ್ನು ಕಿತ್ತು, ಧೂಳು ತೊಳೆದು, ಹೊಸ ಇಟ್ಟಿಗೆಗಳನ್ನು ಬಿರುಕಿಗೆ ಅಡ್ಡಲಾಗಿ ಹೆಣೆದು ಕಟ್ಟಿ. ಕಲ್ಲಿನ ಗೋಡೆಯಾದರೆ ಎರಡು ಮೂರು ಅಡಿಗೊಂದರಂತೆ ಉದ್ದನೆಯ ಕಲ್ಲನ್ನು ಬಿರುಕಿಗೆ ಅಡ್ಡಲಾಗಿ ಕೂರಿಸಿ. ಬ್ಯಾರನ್ನಿನ ಒಲೆಯ ಹತ್ತಿರ ಸಿಮೆಂಟು ಗಾರೆ ಶಾಖ ತಡೆಯದು. ಅಲ್ಲಿ ಜೇಡಿಮಣ್ಣಿನ ಗಾರೆಯೇ ಲೇಸು. ಒಲೆಯ ಕಟ್ಟಡವನ್ನು ಗೋಡೆಗೆ ಹೆಣೆಯದೆ ಒಂದು ಅಂಗುಲ ಸಂದು ಬಿಟ್ಟು, ಮರಳು ಬೆರೆಸಿದ ಜೇಡಿಮಣ್ಣು ತುಂಬಿ. ಒಲೆ ಹಿಗ್ಗಿದರೂ ಗೋಡೆ ಒಡೆಯುವುದಿಲ್ಲ.

ಈ ಕೆಲಸಗಳಿಗೆಲ್ಲ ತಕ್ಕ ಕಾಲ ಸಂಕ್ರಾಂತಿಯಿಂದ ಯುಗಾದಿಯವರೆಗೆ. ಭರಣಿ ಮಳೆ ಬಂದು ನಾಟಿಯ ಗಡಿಬಿಡಿ ಹತ್ತುವ ಮುನ್ನ ಮುಗಿಸಿರಿ. ಬ್ಯಾರನ್ ಕೆಡವಿ ಕಟ್ಟುವುದೇ ಆದರೆ ಮೊದಲು ತಂಬಾಕು ಮಂಡಳಿಯ ಹರಾಜು ಕಟ್ಟೆಯ ಕಚೇರಿಯಲ್ಲಿ ಪರವಾನಗಿಯ ವಿಷಯ ವಿಚಾರಿಸಿ.

ನೆರೆ ಇಳಿದ ಮೇಲೆ

2019ರ ಆಗಸ್ಟ್‌ನಲ್ಲಿ ಲಕ್ಷ್ಮಣತೀರ್ಥ ಉಕ್ಕಿ ಹುಣಸೂರಿನ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿದ್ದು ನೆನಪಿರಬಹುದು. ನೀರು ಇಳಿದೊಡನೆ ಕಟ್ಟಡ ಕ್ಷೇಮವೆಂದು ತಿಳಿಯಬೇಡಿ. ನೆನೆದ ಮಣ್ಣು ಭಾರ ಹೊರಲಾರದೆ ಇಳಿಯುವುದು ಆಮೇಲೆ. ಪಾಯದ ಸುತ್ತ ಮಣ್ಣು ಕೊಚ್ಚಿಹೋದ ಜಾಗಗಳನ್ನು ನೋಡಿ, ಗರಸು ತುಂಬಿ ದಮ್ಮಸು ಮಾಡಿ. ಗೋಡೆ ಒಣಗುವ ಮುನ್ನ ಒಳಗೆ ಮೂಟೆ ಪೇರಿಸಬೇಡಿ.

ಹೊಸದಾಗಿ ಕಟ್ಟುವವರಿಗೆ

ನಾಲ್ಕು ಮೂಲೆಯಲ್ಲಿಯೂ ಐದು ಅಡಿ ಗುಂಡಿ ತೆಗೆದು ಮಣ್ಣು ನೋಡಿಯೇ ಪಾಯದ ಆಳ ಗೊತ್ತು ಮಾಡಿ. ಕಪ್ಪು ಮಣ್ಣು ತೆಳ್ಳಗಿದ್ದರೆ ಅದನ್ನು ಪೂರ್ತಿ ತೆಗೆದು ಗರಸಿನ ಮೇಲೆ ಪಾಯ ಹಾಕಿ. ಪಾಯದ ಬದಿಗಳಿಗೂ ಒಳನೆಲಕ್ಕೂ ಕಪ್ಪು ಮಣ್ಣಿನ ಬದಲು ಗರಸನ್ನೇ ತುಂಬಿ. ಬಹಳ ಆಳವಿದ್ದರೆ ತಳದಲ್ಲಿ ಗಡ್ಡೆಯಂತೆ ಅಗಲವಾಗಿರುವ ಕಾಂಕ್ರೀಟು ಕಂಬಗಳ ಪಾಯ ಸೂಕ್ತ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ನೆಲಕ್ಕೆಂದೇ ಇದನ್ನು ಬಳಕೆಗೆ ತಂದಿತು. ಸಾಮಾನ್ಯವಾಗಿ ಮೂರೂವರೆ ಮೀಟರ್ ಆಳಕ್ಕೆ, ಮಣ್ಣಿನ ಏರಿಳಿತ ತಟ್ಟದ ನೆಲದವರೆಗೆ, ಈ ಕಂಬಗಳನ್ನು ಇಳಿಸುತ್ತಾರೆ.

ಕೂಡಲೇ ಕಟ್ಟಡ ತೆರವು ಮಾಡಬೇಕಾದ ಸೂಚನೆಗಳು

ಬಿರುಕು ಒಂದು ಅಂಗುಲಕ್ಕಿಂತ ಅಗಲವಾದರೆ, ಒಂದೆರಡು ದಿನಗಳಲ್ಲಿಯೇ ಕಣ್ಣಿಗೆ ಕಾಣುವಂತೆ ಹೆಚ್ಚಿದರೆ, ತೂಗುಗುಂಡು ಇಳಿಬಿಟ್ಟಾಗ ಗೋಡೆ ವಾಲಿರುವುದು ಕಂಡರೆ, ತೊಲೆ ಅಥವಾ ಗಳದ ತುದಿ ಗೋಡೆಯಿಂದ ಹೊರಬರುತ್ತಿದ್ದರೆ, ಒಳಗಿನವರನ್ನು ಆ ಕ್ಷಣವೇ ಹೊರಗೆ ಕಳಿಸಿ. ಸೊಪ್ಪು ಅರ್ಧ ಹದವಾಗಿದೆ, ಮೂಟೆ ಒಳಗಿದೆ ಎಂದು ಯಾರನ್ನೂ ಒಳಗೆ ಬಿಡಬೇಡಿ. ಸೊಪ್ಪನ್ನು ಮರುವರ್ಷ ಬೆಳೆಯಬಹುದು.

ರೈತ ಬಾಂಧವರೇ, ಪಾಯ ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದಲೇ ಅಲಕ್ಷ್ಯಕ್ಕೆ ಗುರಿಯಾಗುತ್ತದೆ. ಮುಂದಿನ ಸಲ ಜೋರು ಮಳೆ ಬಂದಾಗ ಗೊರಗವನ್ನೋ ಕೊಡೆಯನ್ನೋ ಹಿಡಿದು ನಿಮ್ಮ ಬ್ಯಾರನ್, ಉಗ್ರಾಣ, ಮಳಿಗೆಗಳನ್ನು ಒಂದು ಸುತ್ತು ಹಾಕಿ. ನೀರು ಎಲ್ಲಿ ಬೀಳುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಿ. ನೀರು ನಿಂತ ಜಾಗಕ್ಕೆ ಮರುದಿನವೇ ಗುದ್ದಲಿ ಹಿಡಿದು ಕಾಲುವೆ ಮಾಡಿ. ಪಾಯದ ದುರಸ್ತಿ ಅಲ್ಲಿಂದ ಆರಂಭವಾಗುತ್ತದೆ. ಎಷ್ಟೋ ಕಡೆ ಅಲ್ಲಿಗೇ ಮುಗಿಯುತ್ತದೆ.